ಮಟ್ಟಿ ಅಗೆದ ಊರು

ಗರಡಿಯ ಮಣ್ಣಿಗೆ ಬಿಡುವು ಕೊಡುವಂತಿಲ್ಲ. ದಿನಾ ಬೆಳಗಿನ ಜಾವ ಯಾರಾದರೊಬ್ಬರು ಸನಿಕೆ ಹಿಡಿದು ಮಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಗೆಯಬೇಕು, ಹೆಂಟೆ ಒಡೆಯಬೇಕು, ಸಿಕ್ಕ ಕಲ್ಲು ಬೇರು ಆರಿಸಿ ಹಾಕಬೇಕು, ಮೇಲೆ ಹದವಾಗಿ ನೀರು ಚಿಮುಕಿಸಬೇಕು. ಅಗೆಯುವುದೇ ಮೊದಲ ಸಾಮು. ಹೊಸದಾಗಿ ಸೇರಿದ ಹುಡುಗನಿಗೆ ಪಟ್ಟು ಹೇಳಿಕೊಡುವ ಮುಂಚೆ ಕೈಗೆ ಸನಿಕೆ ಕೊಡುತ್ತಾರೆ. ಈ ಕೆಲಸ ನಿಂತು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೆ ಮಣ್ಣು ಕಚ್ಚಿಕೊಂಡು ಬರೀ ನೆಲವಾಗಿಬಿಡುತ್ತದೆ. ಆಮೇಲೆ ಅದರ ಮೇಲೆ ಎತ್ತಿ ಒಗೆಸಿಕೊಂಡವನ ಭುಜ ಉಳಿಯುವುದು ಕಷ್ಟ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯಲ್ಲಿ ಗರಡಿಗಳನ್ನು ಹುಡುಕಿಕೊಂಡು ತಿರುಗುವಾಗ, ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದವನು ಮೊದಲು ಮಟ್ಟಿಗೆ ಬೆರಳಿಟ್ಟು ನೋಡುತ್ತಿದ್ದೆ. ಬೆರಳು ಸಲೀಸಾಗಿ ಇಳಿದರೆ ಆ ಊರಿನ ಗರಡಿ ಬದುಕಿದೆ ಎಂದು ಲೆಕ್ಕ. ಬಹಳ ಕಡೆ ಬೆರಳು ಇಳಿಯಲಿಲ್ಲ.

ತಿರುಗಾಟವನ್ನು ಶ್ರೀರಂಗಪಟ್ಟಣದಿಂದ ಶುರು ಮಾಡಬೇಕೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕುಸ್ತಿಯ ಮಟ್ಟಿಗೆ ಈ ದ್ವೀಪ ನಮ್ಮ ಸೀಮೆಯ ತವರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ತಮ್ಮ ವಶಕ್ಕೆ ತೆಗೆದುಕೊಂಡು ನವರಾತ್ರಿ ಉತ್ಸವ ನಡೆಸಿದರು. ವಿಜಯನಗರದಲ್ಲಿ ಆ ಉತ್ಸವ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಮಲ್ಲಯುದ್ಧದಲ್ಲಿ ಹಲ್ಲು ಮುರಿಯುವಂಥ ಏಟು ಬೀಳುತ್ತಿದ್ದುದನ್ನು 1520ರ ಸುಮಾರಿನಲ್ಲೇ ಬರೆದಿಟ್ಟಿದ್ದಾನೆ. ಅದಕ್ಕೂ ಸುಮಾರು 400 ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಜಾಗ ಬಿಟ್ಟು, ಮಲ್ಲರ ದರ್ಜೆ, ಊಟ, ಕಸರತ್ತುಗಳನ್ನೆಲ್ಲ ವಿವರಿಸಿದ್ದ. ಅಂದರೆ ಹುಡುಗರಿಗೆ ಏನು ಉಣಿಸಬೇಕು, ಎಷ್ಟು ಸಾಮು ಮಾಡಿಸಬೇಕು ಎಂಬ ಚಿಂತೆ ಕನ್ನಡದ ದೊರೆಗಳಿಗೂ ಇತ್ತು.

ಕೋಟೆಯೊಳಗೆ ರಂಗನಾಥನ ಗುಡಿಗೆ ಬರುವಷ್ಟು ಜನ ನರಸಿಂಹನ ಗುಡಿಗೆ ಬರುವುದಿಲ್ಲ. ಅಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಲ್ಲಿನ ಪ್ರತಿಮೆಯಿದೆ. ಆ ಗುಡಿ ಕಟ್ಟಿಸಿದವರೂ ಅವರೇ. 1638ರಿಂದ 1659ರವರೆಗೆ ಇಲ್ಲಿಂದ ಆಳಿದರು. ಪಟ್ಟಕ್ಕೆ ಬರುವ ಮುಂಚೆ ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ಅಲ್ಲಿ ಯಾರಿಗೂ ಸೋಲದ ಜಟ್ಟಿಯೊಬ್ಬನನ್ನು ಸೋಲಿಸಿ, ಹೆಸರು ಹೇಳದೆ ಹಿಂದಿರುಗಿದರೆಂಬ ಕಥೆಯನ್ನು ಈ ಸೀಮೆಯ ಹಳೆಯ ಪೈಲ್ವಾನರು ನಿನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. 1960ರಲ್ಲಿ ಅದು ‘ರಣಧೀರ ಕಂಠೀರವ’ ಸಿನಿಮಾ ಆಯಿತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ತಾವೇ ಕಲಾವಿದರ ಸಂಘ ಕಟ್ಟಿಕೊಂಡು ತೆಗೆದ ಚಿತ್ರ ಅದು. ಹತ್ತಾರು ಜನ ಕೈಗೂಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ಚಿತ್ರವೂ ಒಂದು ಸಾಕ್ಷಿ.

ಟಿಪ್ಪುವಿನ ಕಾಲದಲ್ಲಿ ಇಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಜಟ್ಟಿಗಳ ಕಾಳಗವನ್ನು ಕಂಡು, ಮುಂದೆ ತನ್ನ ಸೆರೆವಾಸದ ಕಥೆಯಲ್ಲಿ ಅದನ್ನು ಬರೆದ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ದಸರಾ ಹೋಯಿತು, ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಅರಮನೆಯ ಅಂಗಳಕ್ಕೆ ಹೋಯಿತು. ಹೋಗದೆ ಉಳಿದದ್ದು ಹಳ್ಳಿಯ ಗರಡಿ. ಅದಕ್ಕೆ ದೊರೆಯ ಹಂಗಿರಲಿಲ್ಲ. ಊರಮ್ಮನ ಹಬ್ಬ, ತೇರು, ದನಗಳ ಜಾತ್ರೆ ಇರುವ ತನಕ ಕುಸ್ತಿಗೆ ಮೈದಾನವಿತ್ತು, ಮೈದಾನಕ್ಕೆ ಹುಡುಗರನ್ನು ಕಳಿಸುವ ಗರಡಿಯಿತ್ತು. ಇವತ್ತಿಗೂ ದಸರೆಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ದಿನ ಈ ತಾಲ್ಲೂಕುಗಳ ಹುಡುಗರು ಬಸ್ಸು ಹತ್ತುತ್ತಾರೆ. ತೂಕ, ಮೈಕಟ್ಟು, ಹಿಂದೆ ಹಿಡಿದ ಕುಸ್ತಿ ಎಲ್ಲ ನೋಡಿ ಹಿರಿಯರು ಇಬ್ಬಿಬ್ಬರ ಕೈ ಕೂಡಿಸುತ್ತಾರೆ. ಕೂಡಿದರೆ ಜೋಡಿ. ಬೆಳ್ಳಿ ಗದೆ, ‘ದಸರಾ ಕೇಸರಿ’, ‘ದಸರಾ ಕಂಠೀರವ’, ‘ದಸರಾ ಕುಮಾರ’ ಎಂಬ ಬಿರುದುಗಳು, ಸಾಹುಕಾರ್ ಚೆನ್ನಯ್ಯನವರ ಹೆಸರಿನ ಕಪ್ಪು, ಇವೆಲ್ಲ ದೂರದ ಮಾತು. ಮೊದಲು ಜೋಡಿ ಸಿಗಬೇಕು. ಜೋಡಿ ಸಿಗಬೇಕಾದರೆ ಊರಲ್ಲಿ ಮಟ್ಟಿ ಇರಬೇಕು.

ಗರಡಿಯ ಕಟ್ಟಡ ಕಣ್ಣಿಗೆ ಬಡವಾಗಿ ಕಾಣುತ್ತದೆ. ದಪ್ಪ ಮಣ್ಣಿನ ಗೋಡೆ, ಗಾಳಿ ನೇರವಾಗಿ ಬೀಸದಂತೆ ಸಣ್ಣ ಗೂಡುಕಿಟಕಿ, ಹೆಂಚಿನ ಮಾಡು. ಬೆವೆತ ಮೈಗೆ ತಂಡಿಗಾಳಿ ತಾಗಬಾರದೆಂದೇ ಹಾಗೆ ಕಟ್ಟುತ್ತಿದ್ದರು. ಎದುರು ಗೋಡೆಯ ಗೂಡಿನಲ್ಲಿ ಆಂಜನೇಯ, ಪಕ್ಕದಲ್ಲಿ ಮರದ ಗದೆಗಳು, ಕಲ್ಲುಗುಂಡು, ಕುತ್ತಿಗೆಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ. ಮಟ್ಟಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ, ಅರಿಶಿನ, ಕರ್ಪೂರ ಬೆರೆಸುತ್ತಾರೆ. ತರಚಿದ ಗಾಯ ಕೀವಾಗಬಾರದು, ಮೈ ತುರಿಸಬಾರದು, ಮಣ್ಣು ಮೆತ್ತಗಿರಬೇಕು ಎನ್ನುವುದು ಅದರ ಹಿಂದಿನ ಲೆಕ್ಕ. ಚೆನ್ನಾಗಿ ನೋಡಿಕೊಂಡ ಗರಡಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಎಲ್ಲಿದ್ದರೂ ಗುರುತು ಸಿಗುತ್ತದೆ.

ಮುಸ್ಲಿಂ ಉಸ್ತಾದರ ಕೈಕೆಳಗೆ ಒಕ್ಕಲು ಮಕ್ಕಳು, ಹಿಂದೂ ಉಸ್ತಾದರ ಕೈಕೆಳಗೆ ಸಾಬರ ಮಕ್ಕಳು ಪಳಗಿದ ಮನೆಗಳಿವು. ಹಾಗೆಂದು ಎಲ್ಲ ಊರಲ್ಲೂ ಎಲ್ಲ ಕೇರಿಗೂ ಬಾಗಿಲು ತೆರೆದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಕೇರಿಗೊಂದು ಗರಡಿ ಇದ್ದ ಊರುಗಳಲ್ಲಿ ಯಾವ ಕೇರಿಯ ಹುಡುಗ ಯಾವ ಮಟ್ಟಿಗೆ ಇಳಿಯಬಹುದು ಎಂಬ ಗೆರೆ ಗಟ್ಟಿಯಾಗಿಯೇ ಇತ್ತು.

ಶ್ರೀರಂಗಪಟ್ಟಣ ಬಿಟ್ಟು ಪಾಂಡವಪುರದ ದಾರಿ ಹಿಡಿದರೆ ಎರಡೂ ಕಡೆ ನಾಲೆ ನೀರಿನ ಗದ್ದೆ, ಕಬ್ಬು, ಆಲೆಮನೆಯ ಹೊಗೆ. ಹೈದರ್, ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಈ ಊರಿಗೆ ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಎನ್ನುತ್ತಿದ್ದರು. ಜನರ ಬಾಯಲ್ಲಿ ಹಿರೋಡೆ. ಊರಿನ ನೆತ್ತಿಯ ಮೇಲೆ ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿದ್ದರೆಂದೂ ಭೀಮ ಬಕಾಸುರನನ್ನು ಇಲ್ಲೇ ಕೆಡವಿದನೆಂದೂ ಸ್ಥಳದ ಕಥೆ. ಆಟದ ಹುಚ್ಚು ಈ ತಾಲ್ಲೂಕಿನ ರಕ್ತದಲ್ಲಿದೆ. ಕ್ಯಾತನಹಳ್ಳಿಯ ರೈತ ನಾಯಕ, ಶಾಸಕ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿ 18ರ ರಾತ್ರಿ ಮಂಡ್ಯದ ಕ್ರೀಡಾಂಗಣದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಇಲ್ಲಿನ ಜನ ಆ ಸಾವಿನ ಮಾತು ಬಂದಾಗ ಅಂಕಣದ ಪಕ್ಕದಲ್ಲೇ ಜೀವ ಬಿಟ್ಟರು ಎಂದು ಇಂದಿಗೂ ನೆನೆಯುತ್ತಾರೆ.

ಪಾಂಡವಪುರದಿಂದ ಕೆ.ಆರ್. ಪೇಟೆಯ ಕಡೆಗೆ ಹೋಗುವಾಗ ಸಿಕ್ಕ ಒಂದು ಊರಿನ ಗರಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಹೆಸರಿಗಾಗಿ ಆ ಕೆಲಸ ಹಿಡಿದವರಲ್ಲ. ಉಸ್ತಾದರು ತೀರಿಕೊಂಡ ಮೇಲೆ ಗರಡಿಗೆ ಬೀಗ ಬಿದ್ದಿತ್ತು. ಮಾಡಿನ ಒಂದು ಮೂಲೆ ಸೋರಿ, ತೊಲೆಗೆ ಗೆದ್ದಲು ಹತ್ತಿ, ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತ್ತು. ಒಳಗೆ ಯಾರೋ ಹಳೆಯ ಪಂಪ್‌ಸೆಟ್ಟು, ಗೊಬ್ಬರದ ಚೀಲ ತುಂಬಿದ್ದರು. ಹುಡುಗರು ಓದಿಗೆ ಮಂಡ್ಯ, ಮೈಸೂರಿಗೆ, ಕೆಲಸಕ್ಕೆ ಬೆಂಗಳೂರಿಗೆ, ಮುಂಬೈಗೆ ಹೋಗಿದ್ದರು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಹಳ್ಳಿಗಳಿಗೂ ಮುಂಬೈಗೂ ಇರುವ ನಂಟು ಹೊರಗಿನವರಿಗೆ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಅಲ್ಲಿಂದ ಗುಂಪುಗುಂಪಾಗಿ ಜನ ಊರಿಗೆ ಮರಳಿದಾಗ. ಹಾಗೆ ಬಂದವರನ್ನು ಆಗ ರೋಗ ಹೊತ್ತು ತಂದವರೆಂದು ಬೈದವರೂ ಇದ್ದರು. ಬಂದವರಲ್ಲಿ ಕೆಲವರು ಎಳವೆಯಲ್ಲಿ ಇದೇ ಗರಡಿಯಲ್ಲಿ ಸಾಮು ಮಾಡಿದವರು. ಕ್ವಾರಂಟೈನ್ ಮುಗಿದು, ಮಾಡಲು ಕೆಲಸವಿಲ್ಲದೆ ಅರಳಿಕಟ್ಟೆಯ ಮೇಲೆ ಕೂತಿದ್ದ ದಿನಗಳಲ್ಲಿ ಗರಡಿಯ ಮಾತು ಎದ್ದಿತಂತೆ.

ಮೊದಲು ಎದ್ದದ್ದು ಜಗಳ. ಹಳೆಯದನ್ನು ಕೆಡವಿ, ಅನುದಾನ ಕೇಳಿ, ಪಿಲ್ಲರ್ ಹಾಕಿ ಆರ್‌ಸಿಸಿ ಕಟ್ಟಡ ಮಾಡಿಸೋಣ, ಮುಂದೆ ಶಟರ್ ಇಟ್ಟು ಎರಡು ಮಳಿಗೆ ಬಾಡಿಗೆಗೆ ಬಿಡೋಣ ಎಂದು ಒಂದು ಗುಂಪು. ಗೋಡೆ ಮುಟ್ಟಬೇಡಿ, ಮಾಡು ಮಾತ್ರ ಬಿಚ್ಚಿ ಹೊದಿಸೋಣ ಎಂದು ಇನ್ನೊಂದು. ಇಂಥ ಆರ್‌ಸಿಸಿ ಗರಡಿಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ನೆಲಕ್ಕೆ ಟೈಲ್ಸ್ ಹಾಕಿ ಮಟ್ಟಿಯನ್ನು ಮೂಲೆಯ ತೊಟ್ಟಿಗೆ ಇಳಿಸಿರುತ್ತಾರೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿ ರಾತ್ರಿಯಾದರೂ ಇಳಿಯದು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳು ತುಂಬಿರುತ್ತವೆ, ಒಳಗೆ ಜನವಿರುವುದಿಲ್ಲ. ಸರ್ಕಾರದ ಹಣ ಬೇಡವೆನ್ನುವವನು ನಾನಲ್ಲ. ಮಾಜಿ ಪೈಲ್ವಾನರಿಗೆ ಸರ್ಕಾರ ಕೊಡುವ ಮಾಸಾಶನ ಎಷ್ಟೋ ಮುದುಕರ ಮಾತ್ರೆ, ಹಾಲಿಗೆ ಆಗುತ್ತಿದೆ. ಆದರೆ ಗೋಡೆಗೆ ಸಿಕ್ಕಷ್ಟು ಸುಲಭವಾಗಿ ಮಣ್ಣಿಗೆ, ಹಾಲಿಗೆ, ಕಲಿಸುವವರ ಸಂಬಳಕ್ಕೆ ಹಣ ಸಿಗುವುದಿಲ್ಲ ಎನ್ನುವುದು ನನ್ನ ದೂರು.

ಕೊನೆಗೆ ಆ ಊರಿನಲ್ಲಿ ನಿಂತದ್ದು ಹಳೆಯ ಕ್ರಮ, ಮನೆಗೊಂದಾಳು. ಕೆರೆ ಹೂಳೆತ್ತಲು, ನಾಲೆ ಕಸ ತೆಗೆಯಲು, ತೇರಿನ ಹಾದಿ ಸಮ ಮಾಡಲು ಮನೆಗೊಬ್ಬರು ಬರುವುದು ಈ ಸೀಮೆಯ ವಾಡಿಕೆ. ಗರಡಿಗೂ ಅದೇ ಲೆಕ್ಕ ಹಾಕಿದರು. ಈ ಸಲ ಎಲ್ಲ ಕೇರಿಗೂ ಕರೆ ಹೋಯಿತು. ಹೋಗಲೇಬೇಕೆಂದು ಹಟ ಹಿಡಿದವರು ಕಿರಿಯರು. ಹೆಂಚು ಇಳಿಸಿ, ಒಡೆದದ್ದು, ಗಟ್ಟಿಯಿರುವುದು ಬೇರೆ ಮಾಡಿ ಜೋಡಿಸಿಟ್ಟರು. ಒಬ್ಬರು ತಮ್ಮ ಹಿತ್ತಲ ಬೇವಿನ ಮರ ಕೊಟ್ಟರು, ಮರಗೆಲಸದವರು ಅರ್ಧ ಕೂಲಿಗೆ ತೊಲೆ, ರೀಪು ಕೂರಿಸಿದರು. ಹೊಟ್ಟೆಬಿಟ್ಟ ಗೋಡೆಯನ್ನು ಕೆಡವಿ ಅದೇ ಮಣ್ಣನ್ನು ನೆನೆಸಿ ತುಳಿದು ಮತ್ತೆ ಏರಿಸಿದರು. ಮುಂಬೈ, ಬೆಂಗಳೂರಿಗೆ ವಾಪಸಾದವರು ವಾಟ್ಸಾಪ್ ಗುಂಪಿನಲ್ಲಿ ಚಂದಾ ಎತ್ತಿದರು. ಹಣ ಕೊಡಲಾಗದ ಮನೆಯವರು ಕೆಲಸದವರಿಗೆ ಮುದ್ದೆ ಸಾರು ಮಾಡಿ ಹಾಕಿದರು.

ಮಟ್ಟಿಯೇ ದೊಡ್ಡ ಕೆಲಸವಾಯಿತು. ಗಟ್ಟಿಯಾಗಿ ಕೂತಿದ್ದ ಮಣ್ಣನ್ನು ಹಾರೆ ಹಾಕಿ ಎಬ್ಬಿಸಿ ಹೊರಗೆ ಹಾಕಿದರು. ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ಬಂತು. ಜರಡಿ ಹಿಡಿದವರಲ್ಲಿ ಹೆಂಗಸರೇ ಹೆಚ್ಚು. ರಾಗಿ, ಭತ್ತ ಹಸನು ಮಾಡಿ ಪಳಗಿದ ಕೈಗೆ ಕಲ್ಲು ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ಎಣ್ಣೆ, ಮಜ್ಜಿಗೆ, ನಿಂಬೆ, ಅರಿಶಿನ. ನಾನು ಹೋದಾಗ ಒಳಗಿದ್ದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಹುಡುಗರ ಕೈಲಿ ಅಗೆಸುತ್ತಿದ್ದರು.

“ಬನ್ನಿ ಸಾ, ಎಕ್ಕಡ ಆಚೇಲೇ ಬುಡಿ” ಅಂದರು. ನಾನು ಮಟ್ಟಿಗೆ ಕೈಯಿಟ್ಟದ್ದನ್ನು ಕಂಡು ಅವರಿಗೆ ಖುಷಿಯಾಯಿತು.

“ಇನ್ನೂ ಹದ ಬಂದಿಲ್ಲ ಕಣ್ರಪ್ಪ. ಹೊಸಾ ಮಣ್ಣು. ಇನ್ನೊಂದ್ ವರ್ಸ ಹುಡುಗ್ರು ಬೆವರು ಬಿದ್ರೆ ಆಯ್ತದೆ.”

“ಯಜಮಾನ್ರೆ, ಹುಡುಗರು ಬರ್ತಾರಾ?”

“ಬತ್ತವ್ರೆ. ಜಿಮ್ಮಿಗೆ ಹೋಯ್ತೀವಿ ಅನ್ನೋರೂ ಬತ್ತವ್ರೆ. ಅಲ್ಲಿ ಕನ್ನಡಿ ನೋಡ್ಕೊಂಡು ಮಾಡ್ತಾರೆ, ಇಲ್ಲಿ ಎದುರಿಗೆ ಆಳು ಇರ್ತಾನೆ. ಎರಡೂ ಮಾಡ್ಲಿ ಬುಡಿ.”

ಜಗತ್ತಿನ ಇನ್ನೊಂದು ಕೊನೆಯಲ್ಲಿ ಇದೇ ಥರದ ಕೆಲಸ ಐಸಿನ ಮೇಲೆ ನಡೆಯುತ್ತದೆ. ಕೆನಡಾದ ಸಣ್ಣ ಊರುಗಳಲ್ಲಿ ಐಸ್ ಹಾಕಿ ಆಡುವ ಒಳಾಂಗಣವೇ ಚಳಿಗಾಲದ ಅರಳಿಕಟ್ಟೆ. ಮಾಡು ಹಳತಾಗಿ, ಐಸು ಕಟ್ಟಿಸುವ ಯಂತ್ರ ಕೆಟ್ಟರೆ ಊರಿಗೆ ಊರೇ ಚಂದಾ ಎತ್ತುತ್ತದೆ. 2006ರಲ್ಲಿ ಕ್ರಾಫ್ಟ್ ಎಂಬ ಆಹಾರ ಕಂಪನಿ ‘ಹಾಕಿವಿಲ್’ ಎಂಬ ಸ್ಪರ್ಧೆ ಶುರು ಮಾಡಿತು. ಆಟದ ಬಗ್ಗೆ ಅತಿ ಹೆಚ್ಚು ಪ್ರೀತಿ ತೋರಿಸಿದ ಊರಿಗೆ ಅಂಗಣ ರಿಪೇರಿಗೆ ಹಣ ಕೊಡುವ ಸ್ಪರ್ಧೆ ಅದು. ಮೊದಲ ವರ್ಷ ಗೆದ್ದದ್ದು ನೋವಾ ಸ್ಕೋಷಿಯಾದ ಸಾಮನ್ ರಿವರ್. ನಮ್ಮ ದೇಶದಲ್ಲೇ ಶಿಮ್ಲಾದಲ್ಲಿ 1920ರ ಕಾಲದ ಐಸ್ ಅಂಗಣವಿದೆ. ಅಲ್ಲಿ ನೀರು ಹರಡಿ, ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟುವುದನ್ನೇ ಕಾಯುತ್ತಾರೆ. ಮಂಜಾಗಲಿ ಮಣ್ಣಾಗಲಿ, ಇಂಥ ನೆಲವನ್ನು ಒಮ್ಮೆ ಮಾಡಿ ಬಿಟ್ಟುಬಿಡುವ ಹಾಗಿಲ್ಲ. ರಾತ್ರಿಯೋ ಬೆಳಗಿನ ಜಾವವೋ ಯಾರಾದರೂ ಎದ್ದು ಬಂದು ಅದನ್ನು ನಾಳಿನ ಆಟಕ್ಕೆ ಸಿದ್ಧ ಮಾಡಲೇಬೇಕು. ಸಿಂಥೆಟಿಕ್ ಮ್ಯಾಟಿಗೂ ಮಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ನನಗೆ ಇದೇ. ಮ್ಯಾಟು ಒಬ್ಬಂಟಿಯಾಗಿ ವರ್ಷಗಟ್ಟಲೆ ಬಿದ್ದಿರಬಲ್ಲದು.

ಒಬ್ಬ ಹುಡುಗನ ಹಿಂದೆ ಊರು ನಿಂತರೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು ಸತಾರಾ ಜಿಲ್ಲೆಯ ಗೋಳೇಶ್ವರ ತೋರಿಸಿಕೊಟ್ಟಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಖಾಶಾಬಾ ಜಾಧವ್ ಹೋಗಲು ಹಣವಿಲ್ಲದಾಗ ಊರವರು ಕೈಲಾದಷ್ಟು ಕೂಡಿಸಿದರು, ಕೊಲ್ಹಾಪುರದ ಅವರ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಮಣ್ಣಿನಲ್ಲಿ ಪಳಗಿ ಬಂದವರು ಅವರು. ಹಾಗೆಂದು ಮ್ಯಾಟು ಬೇಡವೆಂಬ ವಾದ ನನಗೆ ಒಪ್ಪಿಗೆಯಿಲ್ಲ. ರಾಜ್ಯ, ರಾಷ್ಟ್ರ ಮಟ್ಟದ ಪಾಯಿಂಟ್ ಕುಸ್ತಿಯೆಲ್ಲ ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಮಾತ್ರ ಹಿಡಿದ ಹುಡುಗ ಅಲ್ಲಿ ಮೊದಲ ನಿಮಿಷದಲ್ಲೇ ತಬ್ಬಿಬ್ಬಾಗುತ್ತಾನೆ. ಮಣ್ಣಿನ ಮಾರ್ಪಿಟ್ ಕುಸ್ತಿಯಲ್ಲಾದರೆ ಚಿತ್ ಆಗುವ ತನಕ ಹೊತ್ತಿದೆ, ಎದುರಾಳಿಯ ಉಸಿರು ಓದುವ ಸಮಯವಿದೆ. ಮ್ಯಾಟಿನ ಮೇಲೆ ಗಡಿಯಾರ ಓಡುತ್ತಿರುತ್ತದೆ. ಎರಡೂ ಕಲಿಯಬೇಕು, ಒಂದೇ ಸೂರಿನಡಿ ಕಲಿಯಬೇಕು.

ಕೆ.ಆರ್. ಪೇಟೆಯನ್ನು ಹಿಂದೆ ಅತ್ತಿಕುಪ್ಪೆ ಎನ್ನುತ್ತಿದ್ದರು. ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿ ನೋಡಿ, ಹೇಮಾವತಿಯ ದಂಡೆಯ ಹೇಮಗಿರಿಗೆ ಹೋದೆ. ಅಲ್ಲಿನ ದನಗಳ ಜಾತ್ರೆ ಈ ಭಾಗದಲ್ಲೆಲ್ಲ ಹೆಸರುವಾಸಿ. ನಾನು ಹೋದಾಗ ಜಾತ್ರೆಯ ಕಾಲವಲ್ಲ, ಬಯಲು ಖಾಲಿ. ಹಳೆಯ ಪೈಲ್ವಾನರೊಬ್ಬರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಯಾವ ಹಬ್ಬಕ್ಕೆ ಎಲ್ಲಿ ಮಟ್ಟಿ ಹಾಕುತ್ತಿದ್ದರು, ಮೊದಲು ಮಕ್ಕಳ ಜೋಡಿ, ಆಮೇಲೆ ದೊಡ್ಡವರದು, ಕಡೆಗೆ ಹೆಸರಾದವರ ಜೋಡಿ ಹೇಗೆ ಬಿಡುತ್ತಿದ್ದರು ಎಂದೆಲ್ಲ ಹೇಳಿದರು. ಸೋತ ಮಕ್ಕಳಿಗೂ ಒಂದು ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರಂತೆ. ಒಂದೇ ಒಂದು ಕುಸ್ತಿಗೆ ಲಕ್ಷಗಟ್ಟಲೆ ಬಹುಮಾನ ಕಟ್ಟಿ ಹೊರರಾಜ್ಯದ ಹೆಸರುಗಳನ್ನು ಕರೆಸುವ ಈಗಿನ ಪಂದ್ಯಾವಳಿಗಳಿಗಿಂತ ಆ ತೆಂಗಿನಕಾಯಿ ಊರಿನ ಗರಡಿಗೆ ಹೆಚ್ಚು ಉಪಕಾರ ಮಾಡಿತ್ತೆಂದು ನಾನು ನಂಬುತ್ತೇನೆ.

ನಾಗಮಂಗಲದ ಕಡೆ ನಾಲೆಯ ಹಸಿರು ತೆಳುವಾಗಿ ರಾಗಿ ಹೊಲ, ತೆಂಗು, ಕಲ್ಲುಗುಡ್ಡ ಶುರುವಾಗುತ್ತದೆ. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು, ಸೌಮ್ಯಕೇಶವನ ಊರು, ಬೇಗನೆ ಹೊರಗೆ ದುಡಿಯಲು ಹೋದವರ ಊರು. ಇಲ್ಲಿನ ಒಂದು ಹಳ್ಳಿಯಲ್ಲಿ ಗರಡಿಯ ಅರ್ಧ ಭಾಗ ಹಾಲಿನ ಡೇರಿಯಾಗಿದೆ. ಸಂಜೆ ಹಾಲು ಹಾಕಲು ಬಂದ ಹೆಂಗಸರ ಸಾಲಿನಲ್ಲಿ ನಿಂತೇ ಉಳಿದರ್ಧದ ಮಾತಾಡಿದೆವು. ಅಲ್ಲೂ ದುರಸ್ತಿ ಶುರುವಾಗಿತ್ತು, ಆದರೆ ಕೆಲಸ ನಿಂತದ್ದು ಹೆಂಚಿಗಾಗಿ ಅಲ್ಲ. ಹೈಸ್ಕೂಲು ಓದುವ ಹುಡುಗಿಯರು ಕೆಲವರು ತಾವೂ ಕಲಿಯುತ್ತೇವೆ ಎಂದಿದ್ದರು. ಮೈಸೂರು ದಸರೆಯಲ್ಲಿ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಬಿರುದಿದೆ, 2016ರಲ್ಲಿ ರಿಯೊದಿಂದ ಕಂಚು ತಂದವಳು ಸಾಕ್ಷಿ ಮಲಿಕ್ ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಆಂಜನೇಯನ ಮುಂದೆ ಹೆಣ್ಣುಮಕ್ಕಳು ಮಟ್ಟಿಗಿಳಿಯುವಂತಿಲ್ಲ ಎಂದು ಹಿರಿಯರು ಪಟ್ಟು ಹಿಡಿದಿದ್ದರು.

“ಜರಡಿ ಹಿಡಿಯಕ್ಕೆ ನಾವು ಬೇಕು, ಇಳಿಯಕ್ಕೆ ಬ್ಯಾಡ್ವಾ?” ಎಂದು ಹಾಲಿನ ಕ್ಯಾನು ಹಿಡಿದು ನಿಂತಿದ್ದ ಒಬ್ಬ ತಾಯಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅಳತೆ ಮಾಡುತ್ತಿದ್ದ ಡೇರಿಯ ಹುಡುಗ ಮಾತ್ರ ತಲೆ ಎತ್ತಿ, “ಅಕ್ಕ, ನೀವು ಇವತ್ತು ಮೀಟಿಂಗಿಗೆ ಬನ್ನಿ” ಎಂದ.

ಮೀಟಿಂಗು ರಾತ್ರಿ ಮಾರಮ್ಮನ ಗುಡಿ ಮುಂದೆ ನಡೆಯಿತು. ನಾನೂ ಒಂದು ಬದಿಗೆ ಕೂತಿದ್ದೆ. ಮಾತು ಬಿಸಿಯಾಯಿತು, ಇಬ್ಬರು ಎದ್ದು ಹೋದರು, ಒಬ್ಬರು ವಾಪಸು ಬಂದರು. ಕೊನೆಗೆ ಒಂದು ಏರ್ಪಾಡಿಗೆ ಬಂದರು. ಬೆಳಿಗ್ಗೆ ಹುಡುಗರು, ಸಂಜೆ ಐದರಿಂದ ಆರೂವರೆ ಹುಡುಗಿಯರು. ಮ್ಯಾಟು ಬರುವ ತನಕ ಹುಡುಗಿಯರಿಗೂ ಮಟ್ಟಿಯೇ. ಹೇಳಿಕೊಡಲು ಮಂಡ್ಯದಿಂದ ವಾರಕ್ಕೆರಡು ದಿನ ಒಬ್ಬ ಕೋಚನ್ನು ಕರೆಸುವುದು, ಅವರ ಬಸ್ಸಿನ ಖರ್ಚು ಡೇರಿಯವರದು. ಮಟ್ಟಿ ಅಗೆಯುವ ಸರದಿಯ ಪಟ್ಟಿ ಬರೆಯಲು ಕೂತಾಗ ಮೊದಲ ಸೋಮವಾರಕ್ಕೆ ಹೆಸರು ಕೊಟ್ಟವಳು ಒಂಬತ್ತನೆಯ ತರಗತಿಯ ಹುಡುಗಿ. ಅವಳ ಅಜ್ಜ, ಮೀಟಿಂಗಿನಲ್ಲಿ ಎಲ್ಲರಿಗಿಂತ ಜೋರಾಗಿ ಬೇಡವೆಂದವರು, ಸನಿಕೆಯ ಕಾವು ಸಡಿಲವಾಗಿದೆ, ನಾಳೆ ಬಡಗಿಗೆ ಕೊಟ್ಟು ಬಿಗಿ ಮಾಡಿಸುತ್ತೇನೆ ಎಂದರು.